ಕೇಳಿಸಿದಾಗ ಹೇಳಿ

ಮೊದಲು ಕೇಳಬೇಕಾದ್ದು ಹೆಸರಲ್ಲ,
ಏನಾಯಿತು ಅಂತಲೂ ಅಲ್ಲ.
ಎಲ್ಲಿ?
ಆಮೇಲೆ ಫೋನು ಸತ್ತರೂ, ಮಾತು ನಿಂತರೂ
ಅದೊಂದು ಕೈಯಲ್ಲಿದ್ದರೆ ಗಾಡಿ ಹೊರಡುತ್ತದೆ,
ಎಂದು ಕಲಿಸಿದವಳು ಡ್ರೀಮಾ,
ಇಪ್ಪತ್ತಾರು ವರ್ಷ ಇದೇ ಕುರ್ಚಿ ಸವೆಸಿ
ಕಳೆದ ಮೇ ತಿಂಗಳಲ್ಲಿ ಎದ್ದು ಹೋದವಳು.

ಮಾರಿಯೆಟ್ಟಾ, ಒಹಾಯೋ. ರಾತ್ರಿ ಮೂರೂ ಹತ್ತು.
ಹೊಳೆಯ ಮಂಜು ಕಿಟಕಿಗೆ ಕೆನೆಗಟ್ಟಿತ್ತು.
ಆಚೆ ದಡದ ವೆಸ್ಟ್ ವರ್ಜೀನಿಯಾದವರು ಕರೆ ಎತ್ತಿ
'ಇದು ನಿಮ್ಮ ಕಡೆಯದು' ಎಂದು ದಾಟಿಸಿದರು.
ಸಮೀಪದ ಟವರು ಅವರದ್ದು.
ದನಿ ಹೊಳೆ ಈಜಿ ಪರರಾಜ್ಯ ಸೇರಿತ್ತು,
ದೇಹ ಈಚೆಯೇ ಎಲ್ಲೋ ಬಿದ್ದಿತ್ತು.

ಗುಡ್ಡಗಳು ಉಪಗ್ರಹಕ್ಕೆ ಬೆನ್ನು ಹಾಕಿ ಮಲಗಿದ್ದವು.
ಯಂತ್ರ ಒಂದು ವೃತ್ತ ಬರೆಯಿತು,
ರಂಗೋಲಿ ಬಾರದವರು ಬಟ್ಟಲು ಬೋರಲಿಟ್ಟು
ಸುತ್ತ ಗೆರೆ ಎಳೆದ ಹಾಗೆ.
ಒಳಗೆ ಎರಡು ಕಣಿವೆ, ಒಂದು ಚರ್ಚು,
ಹನ್ನೊಂದು ಮನೆ, ಹೆಸರೇ ಇಲ್ಲದ ಹಳ್ಳಗಳು.
ನೂರಕ್ಕೆ ತೊಂಬತ್ತು ಪಾಲು ಇದರೊಳಗೇ ಇದ್ದಾಳೆ, ಅಂದಿತು.
ಉಳಿದ ಹತ್ತು ಪಾಲಿನ ಬಗ್ಗೆ
ಅದಕ್ಕೆ ಹೇಳಲಿಕ್ಕೆ ಏನೂ ಇರಲಿಲ್ಲ.

ಟ್ವೈಲಾ ಬಾಗ್ಸ್. ಮನೆ ಮನೆಗೆ ಹೋಗಿ
ಮುದುಕರ ಗಾಯ ಕಟ್ಟುವ ನರ್ಸು.
ಜಿಂಕೆ ತಪ್ಪಿಸಲು ಹೋಗಿ ಕಾರು ಉರುಳಿದೆ,
ಎಡಗಾಲ ಮೇಲೆ ಬಾಗಿಲು. ಬ್ಯಾಟರಿ ನಾಲ್ಕು ಪಾಲು.
ಎಲ್ಲಿದ್ದೀರಿ?
'ಶಾಲೆ ಸುಟ್ಟುಹೋಯ್ತಲ್ಲ, ಅದರಿಂದ ಮುಂದೆ.
ಪಿಕೆನ್ಸ್ ಅಂಗಡಿ ಇತ್ತಲ್ಲ, ಅಲ್ಲಿ ತಿರುಗಿ.'

ಸುಟ್ಟದ್ದು, ಇದ್ದದ್ದು, ಮುಚ್ಚಿದ್ದು.
ಅವಳು ದಾರಿ ಹೇಳಿದ್ದು ಇಲ್ಲದ ಊರಿನದು.
ನನ್ನ ಪರದೆಯಲ್ಲಿ ಇರುವ ಊರು ಮಾತ್ರ.
ಎರಡಕ್ಕೂ ಗಂಟು ಹಾಕಬಲ್ಲ ಡ್ರೀಮಾಳಿಗೆ ಫೋನು ಮಾಡಿದೆ;
ಹೊಡೆದುಕೊಂಡು, ಹೊಡೆದುಕೊಂಡು, ನಿಂತಿತು.

ಹಾಗಾದರೆ ಹಳೆಯ ಉಪಾಯ.
ಟ್ವೈಲಾ, ಸೈರನ್ ಕೇಳಿಸಿದಾಗ ಹೇಳಿ.
ಡೆಲ್ಬರ್ಟ್, ಚರ್ಚಿನ ಹತ್ತಿರ ಕೂಗಿಸು. ಸಾಕು, ನಿಲ್ಲಿಸು.
'ಇಲ್ಲ.'
ಮೇಲಿನ ರಸ್ತೆಗೆ ಹೋಗು. ಕೂಗಿಸು. ನಿಲ್ಲಿಸು.
'ಇಲ್ಲ.' ಆಮೇಲೆ, 'ಚಳಿ.'
ಕಣ್ಣಾಮುಚ್ಚಾಲೆಯಲ್ಲಿ ಬಚ್ಚಿಟ್ಟುಕೊಂಡವರು ಕೂ ಅನ್ನಬೇಕು,
ಇಲ್ಲಿ ಕೂಗುವುದು ಹುಡುಕುವವನ ಪಾಲು.

ಮೂರನೆಯ ಸಲ ಅವಳೇನೂ ಹೇಳಲಿಲ್ಲ.
ಆದರೆ ಅವಳ ಉಸಿರಿನ ಹಿಂದೆ, ದೂರ,
ಯಾವುದೋ ಅಂಗಳದ ನಾಯಿ
ಕತ್ತೆತ್ತಿ ಊಳಿಟ್ಟದ್ದು ನನಗೆ ಕೇಳಿತು.
ನಾವಿಬ್ಬರೂ ಕೇಳದ ಸೈರನ್ನು
ಅದು ಕೇಳಿಸಿಕೊಂಡಿತ್ತು.

ಡೆಲ್ಬರ್ಟ್, ಅದೇ ದಾರಿ. ನಿಧಾನ. ಕೂಗಿಸುತ್ತಲೇ ಇರು.

ಎಡಗಿವಿಯಲ್ಲಿ ರೇಡಿಯೋದ ಸೈರನ್,
ಬಲಗಿವಿಯಲ್ಲಿ ನಾಯಿ, ನಾಯಿಯ ಕೆಳಗೆ
ನೂಲಿನಷ್ಟು ತೆಳ್ಳಗೆ ಅದೇ ಸೈರನ್,
ಅರೆಗಳಿಗೆ ತಡವಾಗಿ, ಅವಳ ಫೋನಿನೊಳಗಿಂದ.
ಆ ತಡ ಕಿರಿದಾಗುತ್ತ ಬಂತು.
ನೂಲು ಹುರಿಯಾಯಿತು, ಹುರಿ ಹಗ್ಗವಾಯಿತು.
'ಈಗ', ಅಂದಳು ಟ್ವೈಲಾ, 'ಈಗ, ನನ್ನ ತಲೆ ಮೇಲೇ...'
ಅಷ್ಟರಲ್ಲಿ ಫೋನು ಸತ್ತಿತು.

ಬಲಗಿವಿ ಖಾಲಿ.
ಪರದೆಯ ವೃತ್ತ ಇನ್ನೂ ಹಾಗೇ ಉಳಿದಿತ್ತು,
ಬಟ್ಟಲು ಎತ್ತಲು ಮರೆತವರ ಹಾಗೆ.
ಎಷ್ಟು ಹೊತ್ತೋ, ಎಡಗಿವಿಯಲ್ಲಿ ಡೆಲ್ಬರ್ಟ್ ಕೆಮ್ಮಿ ಹೇಳಿದ:
'ಸಿಕ್ಕಳು. ಬೈಯುತ್ತಿದ್ದಾಳೆ. ಪರವಾಗಿಲ್ಲ ಅನ್ಸುತ್ತೆ.'

ಬೆಳಿಗ್ಗೆ ಏಳಕ್ಕೆ ಡ್ರೀಮಾ ಫೋನು ಮಾಡಿದಳು,
ರಾತ್ರಿಯ ಕರೆ ನೋಡಿ ಗಾಬರಿಯಾಗಿ.
ನಾನು ಹಾಯ್ ಅನ್ನುವುದನ್ನೂ ಮರೆತು
ಪಿಕೆನ್ಸ್ ಅಂಗಡಿ ಎಲ್ಲಿತ್ತು ಅಂತ ಕೇಳಿದೆ.

ಒಲೆಯ ಮೇಲೆ ಏನೋ ಕುದಿಯುವ ಸದ್ದು.
'ಎರಡಿದ್ದವಲ್ಲ', ಅಂದಳು,
'ಅಣ್ಣಂದೊಂದು, ತಮ್ಮಂದೊಂದು.
ನಿನಗೆ ಯಾವುದು ಬೇಕು?'